ಜರಿಯ ಪಕ್ಕದ ನೇರಳೆ ಗೆರೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚಳ್ಳಕೆರೆಯಲ್ಲಿ ಮದುವೆ ವಿಡಿಯೋ ತೆಗೆಯುವ ಕೆಲಸಕ್ಕೆ ಇಳಿದೆ. ಮೊದಲು ಹೆಗಲ ಮೇಲೆ ಹೊರುವ ದೊಡ್ಡ ಕ್ಯಾಮೆರಾ ಇತ್ತು, ಆಮೇಲೆ ಅಂಗೈಯಲ್ಲಿ ಹಿಡಿಯುವ ಚಿಕ್ಕದು ಬಂತು. ಆ ಚಿಕ್ಕ ಕ್ಯಾಮೆರಾದ ನೋಟ ಬಹಳ ಕಿರಿದು. ಹಳ್ಳಿ ಮನೆಯ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಮದುಮಕ್ಕಳು ಬಂದರೆ ಬೀಗರು ಬರುತ್ತಿರಲಿಲ್ಲ, ಬೀಗರು ಬಂದರೆ ಧಾರೆ ಎರೆಯುವ ಕೈ ಬರುತ್ತಿರಲಿಲ್ಲ. ಅದಕ್ಕೆಂದೇ ಬೆಂಗಳೂರಿನ ಭಾನುವಾರದ ಬೀದಿ ಸಂತೆಯಲ್ಲಿ, ಹಳೇ ಚಾರ್ಜರು, ತುಕ್ಕು ಹಿಡಿದ ಸ್ಪ್ಯಾನರುಗಳ ನಡುವೆ ಬಿದ್ದಿದ್ದ ಒಂದು ಗಾಜನ್ನು ಆರಿಸಿ ತಂದಿದ್ದೆ. ಯಾರದೋ ಹಳೇ ವಿಡಿಯೋ ಕ್ಯಾಮೆರಾದ್ದು. ಲೆನ್ಸಿನ ಮುಂದೆ ತಿರುಗಿಸಿ ಕೂರಿಸಿದರೆ ನೋಟ ಅಗಲವಾಗುತ್ತಿತ್ತು. ನಮ್ಮ ಕಸುಬಿನವರು ಅದನ್ನು ‘ವೈಡು’ ಎನ್ನುತ್ತಿದ್ದರು.

ಕೆಲವು ವರ್ಷದ ಮೇಲೆ ವಿಡಿಯೋ ಕ್ಯಾಮೆರಾ ಕ್ಯಾಸೆಟ್ಟನ್ನು ಒಳಗೆಳೆದುಕೊಂಡು ವಾಪಸು ಕೊಡದೆ ಸತ್ತುಹೋಯಿತು. ಅಷ್ಟರಲ್ಲಿ ಜನ ಡಿಜಿಟಲ್ ಆಲ್ಬಮ್ ಕೇಳತೊಡಗಿದ್ದರು. ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಡಿಎಸ್‌ಎಲ್‌ಆರ್ ಕೊಂಡೆ. ಅದರ ಜೊತೆ ಬಂದದ್ದು ಒಂದೇ ಲೆನ್ಸು. ಅಗಲದ ನೋಟದ ಲೆನ್ಸು ಬೇರೆಯೇ ತೆಗೆದುಕೊಳ್ಳಬೇಕಿತ್ತು, ಅದು ನನ್ನ ಕೈಗೆ ನಿಲುಕುವಂಥದ್ದಲ್ಲ. ಡ್ರಾಯರಿನಲ್ಲಿ ವೈಡು ಸುಮ್ಮನೆ ಕೂತಿತ್ತು. ಇದನ್ನೇ ಈ ಕ್ಯಾಮೆರಾಕ್ಕೆ ಕೂರಿಸಿದರೆ ಏನಾಗುತ್ತದೆ ಎಂದು ಯೋಚಿಸಿದೆ. ತೊಡಕೆಂದರೆ ವೈಡಿನ ಥ್ರೆಡ್ಡು ಚಿಕ್ಕದು, ಹೊಸ ಲೆನ್ಸಿನ ಬಾಯಿ ದೊಡ್ಡದು. ನಡುವೆ ಒಂದು ಬಳೆ ಬೇಕಿತ್ತು.

ಅಕ್ಕನ ಗಂಡನದು ಎಣ್ಣೆ ಮಿಲ್ಲುಗಳ ಪಕ್ಕದಲ್ಲೇ ಲೇತ್ ಅಂಗಡಿ. ಗಾಣದ ಯಂತ್ರಗಳ ಬಿಡಿಭಾಗ ಕಡೆದುಕೊಡುವುದು ಅವರ ಕೆಲಸ. ನಾನು ಅವರನ್ನು ದುಲ್ಹಾಭಾಯಿ ಎನ್ನುತ್ತಿದ್ದೆ. ಮನೆಯಲ್ಲಿ ಉರ್ದು ಮಾತಾಡಿಕೊಂಡರೂ ಅಂಗಡಿಗೆ ಹೋದರೆ ಸುತ್ತ ನಿಂತ ಗಿರಾಕಿಗಳ ಜೊತೆ ಸೇರಿ ನಮ್ಮಿಬ್ಬರ ಮಾತೂ ಕನ್ನಡಕ್ಕೆ ಹೊರಳುತ್ತಿತ್ತು.

ವೈಡನ್ನು ಅವರು ಅಂಗೈ ಮೇಲೆ ಇಟ್ಟುಕೊಂಡು ನೋಡಿದರು. “ಏನ್ ಮಿಯಾ ಇದು? ಉಪ್ಪಿನಕಾಯಿ ಶೀಷೆ ಮುಚ್ಚಳ ಇದ್ದಂಗೈತೆ.”

“ಇದನ್ನ ಇದಕ್ಕೆ ಸೇರಿಸ್ಬೇಕು, ದುಲ್ಹಾಭಾಯಿ.”

“ಈ ಥ್ರೆಡ್ಡು ನೋಡು, ಕೂದ್ಲು ಇದ್ದಂಗೈತೆ. ನನ್ ಲೇತ್ ಕಡಿಯೋದು ಗಾಣದ ಬೋಲ್ಟು. ಆಗಲ್ಲ ಇದು.”

ಆದರೂ ಗಾಜನ್ನು ವಾಪಸು ಕೊಡಲಿಲ್ಲ. ಎರಡು ದಿನ ಬಿಟ್ಟು ಹೋದಾಗ ಒಂದು ಉಪಾಯ ಹುಡುಕಿಟ್ಟಿದ್ದರು. ಗಾಜು ಒಡೆದ ಹಳೇ ಫಿಲ್ಟರುಗಳಿದ್ದರೆ ತಾ ಎಂದರು. ಲೆನ್ಸಿನ ಮುಂದೆ ಧೂಳು ತಡೆಯಲು ಹಾಕುವ ಫಿಲ್ಟರಿಗೆ ಥ್ರೆಡ್ಡು ಮೊದಲೇ ಇರುತ್ತದೆ, ಗಾಜು ಹೋದರೆ ಉಳಿಯುವುದು ಬರೀ ಬಳೆ. ದೊಡ್ಡದೊಂದು, ಚಿಕ್ಕದೊಂದು ಬಳೆ ಸಿಕ್ಕರೆ ನಡುವಿನ ಅಲ್ಯೂಮಿನಿಯಂ ಬಿಲ್ಲೆಯನ್ನು ತಾನು ಕಡೆದುಕೊಡುತ್ತೇನೆ, ಮೂರನ್ನೂ ಅಂಟಿಸಿದರಾಯಿತು ಎಂದರು. ಹಾಗೇ ಮಾಡಿದೆವು. ಎರಡು ಟ್ಯೂಬಿನಿಂದ ಹಿಂಡಿ ಬೆರೆಸುವ ಅಂಟು ಹಚ್ಚಿ, ಮೇಲೆ ಒಂದು ಕಬ್ಬಿಣದ ಗುಂಡು ಹೇರಿ ಒಣಗಲು ಬಿಟ್ಟೆವು. ಒಳಮೈಗೆ ಬೆಳಕು ಹೊಳೆಯದಿರಲೆಂದು ಸ್ಲೇಟಿಗೆ ಬಳಿಯುವ ಕಪ್ಪು ಬಣ್ಣ ಬಳಿದೆ. ಅಂಗಡಿ ಮುಂದೆ ನಿಂತು ಮಿಲ್ಲಿನ ಗೇಟಿನ ಫೋಟೋ ತೆಗೆದೆ. ಗೇಟಷ್ಟೇ ಅಲ್ಲ, ಅಕ್ಕಪಕ್ಕದ ಗೋಡೆ, ಶೇಂಗಾ ಲಾರಿ ಎಲ್ಲ ಬಂತು. ಖುಷಿಯಾಯಿತು.

ಅದನ್ನು ಮೊದಲು ಕೆಲಸಕ್ಕೆ ಹಚ್ಚಿದ್ದು ನನ್ನಿವಾಳದ ಒಂದು ಮದುವೆಯಲ್ಲಿ. ಗಂಡಿನ ಮನೆಯ ಪಡಸಾಲೆ ಇಕ್ಕಟ್ಟು, ಕತ್ತಲು ಬೇರೆ. ಬಂಧುಗಳೆಲ್ಲ ಒಂದೇ ಫೋಟೋದಲ್ಲಿ ಬರಬೇಕೆಂದು ಹಿರಿಯರು ಹಟ ಹಿಡಿದಿದ್ದರು. ಝೂಮನ್ನು ಪೂರ್ತಿ ಅಗಲಕ್ಕೆ ತಿರುಗಿಸಿದೆ. ಮೂಲೆಗಳು ಕಪ್ಪಾಗಿ ಕಂಡವು. ಮನೆಯೇ ಕತ್ತಲಿದೆ, ಫ್ಲಾಶ್ ಹೊಡೆದರೆ ಸರಿಹೋಗುತ್ತದೆ ಅಂದುಕೊಂಡು ಒತ್ತಿಬಿಟ್ಟೆ. ಮಿಲ್ಲಿನ ಗೇಟಿನ ಫೋಟೋ ತೆಗೆಯುವಾಗ ಝೂಮು ಸ್ವಲ್ಪ ಮುಂದಿತ್ತು, ಅದಕ್ಕೇ ವೈಡಿನ ಬಳೆ ಚಿತ್ರದೊಳಗೆ ಬಂದಿರಲಿಲ್ಲ ಎನ್ನುವುದು ಆಗ ತಲೆಗೆ ಬರಲಿಲ್ಲ.

ಪ್ರಿಂಟು ಹಾಕಿಸಿದಾಗ ಗೊತ್ತಾಯಿತು. ನಡುವೆ ದುಂಡಗೆ ಮದುವೆ, ಸುತ್ತ ಕರ್ರಗೆ ಕತ್ತಲು. ಗಂಡಿನ ತಮ್ಮ ನೋಡಿದವನೇ, “ಏನ್ರಿ ಭಾಯ್, ಬಾವಿಯೊಳಗೆ ಇಳಿದು ತೆಗ್ದಂಗೈತಲ್ರಿ,” ಅಂದ. ಅದನ್ನಾದರೂ ನಕ್ಕು ತಡೆದುಕೊಳ್ಳಬಹುದಿತ್ತು. ಗಂಡಿನ ಸೋದರಮಾವ ಬಲತುದಿಯಲ್ಲಿ ನಿಂತಿದ್ದರು. ಅವರ ಜಾಗದಲ್ಲಿ ರುಮಾಲಿನ ಒಂದು ತುದಿ ಬಿಟ್ಟರೆ ಬೇರೇನೂ ಇರಲಿಲ್ಲ. ಅವರು ಬಸ್ಸು ಹತ್ತಿ ನನ್ನ ಸ್ಟುಡಿಯೋಗೇ ಬಂದರು.

“ಮದ್ವೇಲಿ ನಾನು ಹೆಣ್ಣಿನ ಕಡೆಯೋರ ಜತೆ ಎರಡು ಮಾತಾಡಿದ್ದು ಹೌದು. ಅದಕ್ಕೆ ನನ್ನನ್ನ ಕತ್ತಲಾಗೆ ಹಾಕು ಅಂತ ಯಾರು ಹೇಳಿದ್ರು ನಿಂಗೆ?”

“ಯಾರೂ ಹೇಳಿಲ್ರಿ ಯಜಮಾನ್ರೆ. ಗಾಜಿನ ದೋಷ ಇದು.”

“ಗಾಜಿಗೆ ನಾನೊಬ್ನೇ ಕಾಣಿಸ್ಲಿಲ್ವಾ?”

ಎಡತುದಿಯಲ್ಲಿದ್ದವರೂ ಹೋಗಿದ್ದಾರೆ ಎಂದು ತೋರಿಸಿದೆ. ಆ ಜಾಗದಲ್ಲಿ ನಿಂತಿದ್ದದ್ದು ಯಾರೆಂದು ಅವರಿಗೂ ನೆನಪಾಗಲಿಲ್ಲ, ಹಾಗಾಗಿ ನಂಬಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ನಾನೇ ನನ್ನಿವಾಳಕ್ಕೆ ಹೋದೆ. ಮದುಮಕ್ಕಳು ಮತ್ತೊಮ್ಮೆ ಮದುವೆ ಬಟ್ಟೆ ಉಟ್ಟರು. ಊರ ಹೊರಗಿನ ಕಣದಲ್ಲಿ, ವೈಡನ್ನು ಚೀಲದಿಂದ ತೆಗೆಯದೆ, ಸಾಕಷ್ಟು ಹಿಂದೆ ಸರಿದು ನಿಂತು ಫೋಟೋ ತೆಗೆದೆ. ಸೋದರಮಾವನವರಿಗೆ ನಟ್ಟನಡುವೆ ಕುರ್ಚಿ ಹಾಕಿಸಿದ್ದರು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ತಮ್ಮ ಮುಖ ನೋಡಿಕೊಂಡ ಮೇಲೆ ಅವರು ನನಗೆ ಮಜ್ಜಿಗೆ ತರಿಸಿಕೊಟ್ಟರು.

ವೈಡಿನ ಸಹವಾಸ ಸಾಕು ಎಂದು ಬಳೆಯನ್ನು ಬಿಚ್ಚಲು ಹೋದರೆ ಅದು ವೈಡಿನ ಬುಡಕ್ಕೆ ಬಿಗಿಯಾಗಿ ಕಚ್ಚಿಕೊಂಡಿತ್ತು. ಮತ್ತೆ ಲೇತ್ ಅಂಗಡಿ. ದುಲ್ಹಾಭಾಯಿ ವೈಡಿನ ಸುತ್ತ ಸೈಕಲ್ ಟ್ಯೂಬಿನ ತುಂಡು ಸುತ್ತಿ ಹಿಡಿದರು, ನಾನು ಲೆನ್ಸನ್ನು ಕ್ಯಾಮೆರಾದಿಂದ ಬಿಚ್ಚಿ, ಹಿಡಿತಕ್ಕೆಂದು ಬಳೆಯನ್ನು ಅದಕ್ಕೆ ಬಿಗಿದು, ಗಟ್ಟಿಯಾಗಿ ಹಿಡಿದೆ. ಇಬ್ಬರೂ ಎದುರುಬದುರು ತಿರುಗಿಸಿದೆವು. ಟಕ್ಕೆಂದು ಸಡಿಲಾಯಿತು. ಅವರ ಕೈಯಲ್ಲಿ ಉಳಿದದ್ದು ವೈಡಿನ ಮುಂದಿನ ಅರ್ಧ ಮಾತ್ರ.

“ಹೋಯ್ತು. ಒಡೀತು ನೋಡು,” ಎಂದು ಅವರು ಮುಖ ಸಪ್ಪೆ ಮಾಡಿಕೊಂಡರು.

ಒಡೆದಿರಲಿಲ್ಲ. ಅದರ ಹೊಟ್ಟೆಯಲ್ಲೇ ಇನ್ನೊಂದು ಥ್ರೆಡ್ಡು ಇತ್ತು. ಮುಂದಿನ ದಪ್ಪ ಗಾಜು ಕಳಚಿ, ಹಿಂದಿನ ಸಣ್ಣ ಗಾಜು ಬಳೆಯ ಸಮೇತ ಲೆನ್ಸಿನಲ್ಲೇ ಉಳಿದಿತ್ತು. ಏನಾಗಿದೆ ನೋಡೋಣವೆಂದು ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿ ಕಣ್ಣಿಗೆ ಹಿಡಿದೆ. ಬೀದಿ, ಲಾರಿ, ದುಲ್ಹಾಭಾಯಿ ಎಲ್ಲ ಬರೀ ಮಂಜು. ಬೇಸರದಿಂದ ಕ್ಯಾಮೆರಾ ಇಳಿಸುವಾಗ ಅದು ಲೇತಿನ ಹಲಗೆಯ ಮೇಲಕ್ಕೆ ಬಾಗಿತು. ಮಂಜಿನೊಳಗಿಂದ ಹಠಾತ್ತನೆ ಒಂದು ಸುರುಳಿ ಎದ್ದು ಬಂತು. ನೀಲಿ, ಹೊನ್ನಿನ ಬಣ್ಣ ಬೆರೆತ ದೊಡ್ಡ ಸ್ಪ್ರಿಂಗಿನಂಥದ್ದು, ಅದರ ಮೈಮೇಲೆ ಉಳಿ ಎಳೆದ ಗೆರೆಗಳು. ಕಡೆದಾಗ ಉದುರಿದ ಕಬ್ಬಿಣದ ಚೂರು ಅದು. ಬರಿಗಣ್ಣಿಗೆ ಉಗುರಿನಷ್ಟೂ ಇಲ್ಲ.

ದುಲ್ಹಾಭಾಯಿಗೆ ಕ್ಯಾಮೆರಾ ಕೊಟ್ಟೆ. ಅವರು ಅದರಲ್ಲಿ ತಮ್ಮ ಹೆಬ್ಬೆರಳನ್ನೇ ನೋಡಿಕೊಂಡರು. ಚರ್ಮದ ಬಿರುಕುಗಳೊಳಗೆ ಕೂತ ಕರೀ ಎಣ್ಣೆ, ಸೀಳಿದ ಉಗುರು.

“ಯಾ ಅಲ್ಲಾ. ಇದು ನನ್ ಕೈಯಾ?”

ಬಹಳ ಹೊತ್ತು ನೋಡಿದರು. ಆಮೇಲೆ ಕ್ಯಾಮೆರಾ ವಾಪಸು ಕೊಟ್ಟು ಸೀಮೆಎಣ್ಣೆಯಲ್ಲಿ ಕೈ ತಿಕ್ಕಿ ತೊಳೆದುಕೊಂಡರು.

ಅಲ್ಲಿಂದ ನನಗೆ ಅದೊಂದು ಹುಚ್ಚಾಯಿತು. ಈ ಗಾಜಿನಲ್ಲಿ ಫೋಕಸ್ ತಿರುಗಿಸಿ ಪ್ರಯೋಜನವಿಲ್ಲ. ಉಸಿರು ಹಿಡಿದು ಇಡೀ ಮೈಯನ್ನೇ ಹಿಂದೆ ಮುಂದೆ ತೂಗಬೇಕು, ಕೂದಲೆಳೆಯಷ್ಟು ತಪ್ಪಿದರೂ ಚಿತ್ರ ಮಂಜು. ಮದುವೆಗಳಲ್ಲಿ ಮೂಗುತಿ, ಕಾಲುಂಗುರ, ಮದರಂಗಿಯ ಗೆರೆ ತೆಗೆದು ಆಲ್ಬಮ್ಮಿಗೆ ಸೇರಿಸತೊಡಗಿದೆ. ಜನಕ್ಕೆ ಹಿಡಿಸಿತು. ಬಿಡುವಿದ್ದಾಗ ಸಿಕ್ಕಿದ್ದನ್ನೆಲ್ಲ ತೆಗೆಯುತ್ತಿದ್ದೆ. ಅಂಥದ್ದೊಂದು ದೊಡ್ಡ ಪ್ರಿಂಟನ್ನು ಸ್ಟುಡಿಯೋದ ಗೋಡೆಗೆ ಅಂಟಿಸಿದ್ದೆ.

ಆ ಪ್ರಿಂಟಿನ ಮುಂದೆ ಒಂದು ಮಧ್ಯಾಹ್ನ ಮೊಳಕಾಲ್ಮೂರಿನ ನೇಕಾರರೊಬ್ಬರು ನಿಂತುಬಿಟ್ಟರು. ಅವರ ತಂಗಿಯ ಮದುವೆಯ ವಿಡಿಯೋ ನಾನೇ ತೆಗೆದಿದ್ದೆ. ಈಗ ಮಗಳ ಮದುವೆ ಗೊತ್ತಾಗಿತ್ತು, ಅದನ್ನು ಹೇಳಲು ಬಂದಿದ್ದರು. ನನಗಿಂತ ಸ್ವಲ್ಪ ದೊಡ್ಡವರು, ಅಣ್ಣ ಎಂದೇ ಕರೆಯುತ್ತಿದ್ದೆ.

“ಭಾಯ್, ಇದು ಯಾವೂರ ನೇಯ್ಗೆ?” ಎಂದು ಕೇಳಿದರು.

“ನೇಯ್ಗೆ ಅಲ್ಲ ಅಣ್ಣ. ಶೇಂಗಾ ಸಿಪ್ಪೆ.”

ಅವರು ನಗಲಿಲ್ಲ. ಬೆರಳಿಟ್ಟು ಸಿಪ್ಪೆಯ ಬಲೆಯಂಥ ಗೆರೆಗಳನ್ನು ಸವರಿದರು. “ಹಿಂಗೆ ಸೀರೆ ಅಂಚು ತೆಗೀಬೋದಾ? ಒಂದೊಂದು ಎಳೆ ಕಾಣ್ಬೇಕು.”

ಆಮೇಲೆ ವಿಷಯ ಹೇಳಿದರು. ಅವರ ತಾಯಿಯ ಹತ್ತಿರ ಒಂದು ರೇಷ್ಮೆ ಸೀರೆ ಇತ್ತು. ತಾಯಿಯ ಮದುವೆಗೆ ತಂದೆಯೇ ಕೂತು ನೇಯ್ದದ್ದು. ಆ ಅಂಚಿನ ಕುಸುರಿಯನ್ನು ಅವರು ಬೇರೆ ಯಾರಿಗೂ ನೇಯಲಿಲ್ಲ, ಮಗನಿಗೂ ಕಲಿಸದೆ ತೀರಿಕೊಂಡರು. ಅದೇ ಅಂಚನ್ನು ಮಗಳ ಧಾರೆ ಸೀರೆಗೆ ನೇಯಬೇಕೆಂದು ಇವರಿಗೆ ಆಸೆ. ಆದರೆ ಸೀರೆ ಮಡಿಕೆಗಳಲ್ಲಿ ಬಿರಿಯುತ್ತಿತ್ತು. ಮಗ್ಗದ ಪಕ್ಕ ದಿನಾ ಹರವಿಕೊಂಡು ನೋಡಲು ತಾಯಿ ಬಿಡುವುದಿಲ್ಲ. ಒಂದು ಸಲ ಬಿಚ್ಚಿ ತೋರಿಸುತ್ತೇನೆ, ಮತ್ತೆ ಕೇಳಬೇಡ ಎಂದಿದ್ದರಂತೆ.

ಮುಂದಿನ ವಾರ ಮೊಳಕಾಲ್ಮೂರಿಗೆ ಹೋದೆ. ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂರುವ ಮಗ್ಗ ಮನೆಯ ಅರ್ಧ ಭಾಗ ತುಂಬಿಕೊಂಡಿತ್ತು. ತಾಯಿ ಸಣ್ಣ ಆಳಿನ, ಮಾತು ಜೋರಿನ ಹೆಂಗಸು. ಅವರ ಕನ್ನಡದೊಳಗೆ ತೆಲುಗು ಧಾರಾಳವಾಗಿ ಬೆರೆತಿತ್ತು. ಟ್ರಂಕಿನಿಂದ ಸೀರೆ ತೆಗೆದು, ಮಂಚದ ಮೇಲೆ ಬಿಳೀ ಪಂಚೆ ಹಾಸಿ ಅದರ ಮೇಲೆ ಇಟ್ಟರು. ಮಾವಿನಹಣ್ಣಿನ ಬಣ್ಣದ ಒಡಲು, ಕಡುಹಸಿರು ಅಂಚು, ಅಂಚಿನ ತುದಿಯುದ್ದಕ್ಕೂ ಜರಿಯ ಒಂದು ಗೆರೆ.

“ನಿಧಾನ, ನಾಯನಾ. ಎಳೀಬ್ಯಾಡ. ನನಗಿಂತ ಮೊದ್ಲು ಅದು ಹೋಗ್ಬಾರ್ದು.”

“ಮುಟ್ಟೋದೇ ಇಲ್ಲ ಅವ್ವ. ನೀವೇ ಸರಿಸ್ಕೊಡ್ರಿ.”

ಅವರು ಸ್ವಲ್ಪ ಸ್ವಲ್ಪವೇ ಸರಿಸಿದರು, ನಾನು ಮಂಚದ ಮೇಲೆ ಬಗ್ಗಿ ಬಗ್ಗಿ ತೆಗೆದೆ. ಕಿಟಕಿಯ ಬೆಳಕು ಸರಿಯಾಗಿತ್ತು. ಕುಸುರಿ ಚಿತ್ರದ ನಡುವೆ ಬರಲಿ, ಜರಿಯ ಗೆರೆ ಕೆಳತುದಿಗೆ ಬರಲಿ ಎಂದು ಪ್ರತಿ ಸಲವೂ ಒಂದೇ ಅಳತೆಯಲ್ಲಿ ಹಿಡಿದೆ. ಹಾಗೆ ಹಿಡಿದರೆ ಒಂದರ ಪಕ್ಕ ಒಂದು ಜೋಡಿಸಲು ಸುಲಭ. ಕೈ ಜಾರಿ ಒಂದೆರಡು ಬೇರೆ ಥರ ಬಂದವು, ಅವನ್ನು ಬದಿಗಿಟ್ಟೆ. ಮುಗಿದ ಮೇಲೆ ತಾಯಿ ಸೀರೆಯನ್ನು ಮಡಿಸಿ ಟ್ರಂಕಿಗಿಟ್ಟು ಬೀಗ ಹಾಕಿ, “ಇನ್ನ ಇದನ್ನ ತೆಗ್ಯೋದು ನಾನು ಹೋದಾಗ. ಅದು ನನ್ ಜತೀಗೆ ಬರ್ತೈತೆ,” ಅಂದರು.

ಪ್ರಿಂಟುಗಳನ್ನು ಕೊಟ್ಟು ಬಂದ ಮೇಲೆ ಅಣ್ಣನ ಫೋನು ಬಂತು. ದನಿಯಲ್ಲಿ ಹಬ್ಬ.

“ಭಾಯ್, ನಮ್ಮಪ್ಪ ಎಂಥಾ ಕೆಲ್ಸ ಮಾಡವ್ನೆ ಗೊತ್ತಾ? ಜರಿ ಪಕ್ದಾಗೆ ಹೊರಗಡೆಗೆ ಒಂದು ನೇರಳೆ ಎಳೆ ಬಿಟ್ಟವ್ನೆ. ಇಷ್ಟು ವರ್ಷ ಆ ಸೀರೆ ನೋಡಿದೀನಿ, ಕಣ್ಣಿಗೆ ಬಿದ್ದಿರಲಿಲ್ಲ. ಅದ್ಕೇ ಆ ಜರಿ ಹಂಗೆ ಎದ್ದು ಕಾಣೋದು!”

ನನ್ನಲ್ಲಿದ್ದ ಪ್ರಿಂಟುಗಳನ್ನು ನೋಡಿದೆ. ಹೌದು, ಜರಿಯ ಪಕ್ಕ ಸಣ್ಣಗೆ ನೇರಳೆ ಇತ್ತು. ನನಗೂ ಸಂತೋಷವಾಯಿತು. ಸೆಕೆಂಡ್ ಹ್ಯಾಂಡ್ ಗಾಜು ಒಬ್ಬ ಮನುಷ್ಯನ ಕೈಚಳಕವನ್ನು ಹೊರಗೆ ತಂದಿತಲ್ಲ ಎಂದು ದುಲ್ಹಾಭಾಯಿಗೂ ಹೇಳಿದೆ, ಅವರು ಅಂಗಡಿಗೆ ಬಂದವರಿಗೆಲ್ಲ ಹೇಳಿದರು.

ಅಣ್ಣ ನೇರಳೆ ಬಣ್ಣ ಹಾಕಿಸಿ, ಅಂಚಿನ ಹಾಸಿಗೆ ಆ ಎಳೆ ಸೇರಿಸಿ ಮಗ್ಗ ಹೂಡಿದರು. ಹಾಸು ಎಂದರೆ ಸೀರೆಯ ಉದ್ದಕ್ಕೂ ಓಡುವ ಎಳೆಗಳು. ಒಮ್ಮೆ ಹೂಡಿದ ಮೇಲೆ ನಡುವೆ ಬದಲಾಯಿಸಲು ಆಗುವುದಿಲ್ಲ. ಸೀರೆ ಮೊಳದುದ್ದ ಬೆಳೆದಾಗ ಮಗ್ಗದ ಮುಂದೆ ಒಂದು ಫೋಟೋ ತೆಗೆಯಲು ನನ್ನನ್ನು ಕರೆದರು. ನಾನು ಹೋದ ದಿನವೇ ತಾಯಿಯೂ ಮಗ್ಗದ ಹತ್ತಿರ ಬಂದು, ಕೋಲು ಗೋಡೆಗೊರಗಿಸಿ, ಬಗ್ಗಿ ನೋಡಿದರು. ಕುಸುರಿಯ ಮೇಲೆ ಕೈಯಾಡಿಸಿ ತಲೆಯಾಡಿಸಿದರು. ಕೈ ಅಂಚಿನ ತುದಿಗೆ ಬಂದು ನಿಂತಿತು.

“ಇದ್ಯಾಕೋ ನೇರಳೆ?”

“ಅಪ್ಪ ಹಾಕಿದ್ದೇ ಅವ್ವ. ಫೋಟೋದಾಗೆ ಐತಲ್ಲ.”

“ನಿಮ್ಮಪ್ಪ ಹಾಕಿಲ್ಲ.”

“ನಿಂಗೆ ಕಣ್ಣು ಕಾಣ್ಸಲ್ಲ ಅವ್ವ. ಭಾಯ್‌ನ ಕೇಳು, ಕ್ಯಾಮೆರಾ ಸುಳ್ಳು ಹೇಳ್ತೈತಾ?”

“ಲೇ, ಉಟ್ಟಿದ್ದು ನಾನು. ನಾನು ಉಟ್ಟ ಸೀರೆ ನಂಗೆ ಗೊತ್ತಿಲ್ಲೇನು?”

ಮಾತು ಬೆಳೆಯಿತು. ಸೊಸೆ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ತಾಯಿ ಸೆರಗಿನ ಗಂಟಿನಿಂದ ಬೀಗದ ಕೈ ತೆಗೆದು ಟ್ರಂಕು ತೆರೆದರು. ಸೀರೆಯ ಒಂದು ತುದಿಯನ್ನಷ್ಟೇ ಹೊರಗೆಳೆದು ಕಿಟಕಿಯ ಬೆಳಕಿಗೆ ಹಿಡಿದರು. ಅಣ್ಣ ತಮ್ಮ ಭೂತಗನ್ನಡಿ ಇಟ್ಟು ನೋಡಿದರು. ಹಸಿರು, ಜರಿ, ಮತ್ತೆ ಹಸಿರು. ನೇರಳೆ ಎಲ್ಲೂ ಇಲ್ಲ.

ಅವರು ನನ್ನ ಕಡೆ ತಿರುಗಿದರು. ಚೀಲದಿಂದ ಕ್ಯಾಮೆರಾ ತೆಗೆದು ಆ ಗಾಜು ಹಾಕಿದೆ. ಒಂದು ಬಿಳೀ ದಾರ ಕೇಳಿ ಇಸಿದುಕೊಂಡು, ಕಪ್ಪು ಬಟ್ಟೆಯ ಮೇಲೆ ನೆಟ್ಟಗೆ ಇಟ್ಟೆ. ದಾರ ಚಿತ್ರದ ನಡುವೆ ಬರುವಂತೆ ಒಂದು ತೆಗೆದೆ, ತುದಿಯಲ್ಲಿ ಬರುವಂತೆ ಇನ್ನೊಂದು ತೆಗೆದೆ. ಪರದೆಯಲ್ಲಿ ದೊಡ್ಡದು ಮಾಡಿ ತೋರಿಸಿದೆ. ನಡುವಿನ ದಾರ ಬರೀ ಬಿಳಿ. ತುದಿಯ ದಾರದ ಹೊರಮಗ್ಗುಲಿಗೆ ಸಣ್ಣಗೆ, ಸ್ಪಷ್ಟವಾಗಿ, ನೇರಳೆ.

“ಗಾಜು ಹಾಕಿದ್ದು ಅಣ್ಣ ಇದು. ತುದೀಲಿ ಬಣ್ಣ ಒಡೆಯುತ್ತೆ. ನಾನು ಜರೀನ ಪ್ರತಿ ಸಲಾನೂ ತುದಿಗೇ ಇಟ್ಟು ತೆಗ್ದೆ.”

ಅಣ್ಣ ದಾರವನ್ನೂ ಪರದೆಯನ್ನೂ ನೋಡಿದರು. ಎದ್ದು ಹೋಗಿ ಎದುರು ಮನೆಯ ಜಗಲಿಯ ಮೇಲೆ ಕೂತು ಬೀಡಿ ಹಚ್ಚಿದರು. ಬೈದಿದ್ದರೆ ವಾಸಿಯಿತ್ತು. ನಾನು ಕ್ಯಾಮೆರಾ ಮುಚ್ಚಿಡಲೂ ತೋಚದೆ ಮಗ್ಗದ ಪಕ್ಕ ನಿಂತೇ ಇದ್ದೆ. ಅಪ್ಪನ ಕೈಕೆಲಸ ಸಿಕ್ಕಿತು ಎಂದು ಅವರು ಎಷ್ಟು ಹಿಗ್ಗಿದ್ದರು ಎನ್ನುವುದು ನನಗೆ ಗೊತ್ತಿತ್ತು. ಮದುವೆ ಹತ್ತಿರ ಬಂದಿತ್ತು, ಹೊಸ ಹಾಸು ಹೂಡಿ ಮತ್ತೊಂದು ಸೀರೆ ನೇಯುವಷ್ಟು ಹೊತ್ತು ಉಳಿದಿರಲಿಲ್ಲ.

ತಾಯಿ ಹಳೆಯ ಸೀರೆಯನ್ನು ಒಳಗಿಟ್ಟು ಮತ್ತೆ ಮಗ್ಗಕ್ಕೆ ಬಂದರು. ಈ ಸಲ ನೇರಳೆಯ ಮೇಲೇ ಬೆರಳೆಳೆದರು. ಆಮೇಲೆ ಬಾಗಿಲಿಗೆ ಹೋಗಿ ಬೀದಿಗೆ ಕೇಳುವಂತೆ ಕೂಗಿದರು.

“ಲೇ, ಒಳಗೆ ಬಾ. ಅವ್ನು ನೇಯ್ದಿದ್ದು ನಂಗೆ. ನೀನು ನೇಯ್ತಿರೋದು ನಿನ್ ಮಗಳಿಗೆ. ಅವ್ಳಿಗೆ ನೇರಳೆ ಬ್ಯಾಡ ಅಂತ ಯಾರು ಹೇಳಿದ್ರು?”

ಅಣ್ಣ ಬೀಡಿ ಮುಗಿಸಿಯೇ ಬಂದರು. ಗುಂಡಿಗಿಳಿದು ಕೂತು ಲಾಳಿ ಕೈಗೆತ್ತಿಕೊಂಡರು. ನಾನು ಹೊರಡುವಾಗ, “ಮದ್ವೆಗೆ ಬರ್ತೀಯಲ್ಲ ಭಾಯ್?” ಎಂದು ಕೇಳಿದರು.

ಮದುವೆಗೆ ಹೋದೆ. ಮಗಳು ಆ ಸೀರೆ ಉಟ್ಟು ಧಾರೆಗೆ ನಿಂತಾಗ ಹೆಂಗಸರು ಒಬ್ಬೊಬ್ಬರೇ ಬಂದು ಅಂಚು ಹಿಡಿದು ನೋಡಿದರು. ಜರಿ ನಿಜಕ್ಕೂ ಎದ್ದು ಕಾಣುತ್ತಿತ್ತು. ಬಿ.ಜಿ. ಕೆರೆಯಿಂದ ಬಂದಿದ್ದ ಬೀಗರ ಕಡೆಯವರೊಬ್ಬರು ತಮಗೂ ಅಂಥದ್ದೇ ಬೇಕೆಂದರು. ಆಮೇಲೆ ಸೀರೆ ವ್ಯಾಪಾರಿಯೊಬ್ಬರು ಕೇಳಿದರು. ಕೆಲವು ತಿಂಗಳಲ್ಲಿ ಅದೇ ಬೀದಿಯ ಬೇರೆ ಮಗ್ಗಗಳಲ್ಲೂ ಜರಿಯ ಪಕ್ಕ ನೇರಳೆ ಓಡುವುದನ್ನು ನಾನೇ ಕಂಡೆ. ಅದು ಎಲ್ಲಿಂದ ಬಂತೆಂದು ಕೇಳಿದವರಿಗೆ ಅಣ್ಣ ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದರಂತೆ. ಹೆಚ್ಚಿನವರು ನಂಬಲಿಲ್ಲವಂತೆ.

ಮರುವರ್ಷದ ಚಳಿಗಾಲದಲ್ಲಿ ತಾಯಿ ತೀರಿಕೊಂಡರು. ಅವರು ಹೇಳಿದ್ದಂತೆಯೇ ಆ ಸೀರೆಯನ್ನು ಅವರಿಗೇ ಹೊದಿಸಿ ಕಳಿಸಿದರು. ನಾನು ಹೋಗಿದ್ದೆ, ಕ್ಯಾಮೆರಾ ಒಯ್ದಿರಲಿಲ್ಲ.

ತಿಂಗಳು ಕಳೆದ ಮೇಲೆ ಅಣ್ಣ ಚಳ್ಳಕೆರೆಗೆ ಬಂದರು. ಅವತ್ತು ಮಂಚದ ಮೇಲೆ ತೆಗೆದದ್ದರಲ್ಲಿ ಜರಿ ನಡುವೆ ಬಂದಿರುವುದು ಏನಾದರೂ ಉಳಿದಿದೆಯಾ ಎಂದು ಕೇಳಿದರು. ಬದಿಗಿಟ್ಟಿದ್ದ ಆ ಒಂದೆರಡು ಚಿತ್ರಗಳನ್ನು ಸಿ.ಡಿ.ಗಳಲ್ಲಿ ಹುಡುಕಿ ತೆಗೆದೆ. ಹಿಡಿದ ಕೋನ ಸೊಟ್ಟ, ಒಂದರಲ್ಲಿ ತಾಯಿಯ ಬೆರಳ ತುದಿಯೂ ಬಂದಿತ್ತು. ಆದರೆ ಜರಿಯ ಪಕ್ಕ ಬರೀ ಹಸಿರಿತ್ತು. ಪ್ರಿಂಟು ಹಾಕಿಸಿ ಕೊಟ್ಟೆ. ಬೆರಳಿರುವುದನ್ನು ಕತ್ತರಿಸಿ ಕೊಡಲೇ ಎಂದು ಕೇಳಿದ್ದಕ್ಕೆ ಬೇಡವೆಂದರು.

ಈಗ ಅವರು ಎರಡು ಅಂಚನ್ನೂ ನೇಯುತ್ತಾರೆ. ನೇರಳೆ ಇರುವುದಕ್ಕೇ ಗಿರಾಕಿ ಹೆಚ್ಚು. ಬರೀ ಹಸಿರಿನದನ್ನು ವರ್ಷಕ್ಕೆ ಒಂದೋ ಎರಡೋ ನೇಯುತ್ತಾರೆ, ಅದೂ ಯಾರಾದರೂ ಕೇಳಿಕೊಂಡು ಮನೆಗೇ ಬಂದರೆ ಮಾತ್ರ.